ಮೀಸೆ ಕಿತ್ತ ದಿನ

ಶನಿವಾರ, ಜೂನ್ ೧೪
ಮಧ್ಯಾಹ್ನ ಹನ್ನೆರಡು ಗಂಟೆ

ಪುಟ್ಟಕ್ಕಾ,

ನೀನೂ ಅಳಿಯಂದಿರೂ ಸುಖವಾಗಿದ್ದೀರಿ ಎಂದುಕೊಂಡಿದ್ದೇನೆ. ಎಡಮೊಣಕಾಲೊಂದು ಬಿಟ್ಟರೆ ನಾನೂ ನೆಟ್ಟಗಿದ್ದೇನೆ. ವಿತ್ ರೆಫರೆನ್ಸ್ ಟು ಯುವರ್ ಲೆಟರ್ (ಕಾಲೇಜಿನಲ್ಲಿ ಕಲಿತ ಇಂಗ್ಲಿಷ್ ಪತ್ರದಲ್ಲಿ ಇಷ್ಟೇ ನೆನಪಿರುವುದು, ಮುಂದಿನದು ಪರೀಕ್ಷೆ ಮುಗಿದ ದಿನವೇ ಮರೆತೆ), ನಿನ್ನ ಕಾಗದ ಬಂದು ಇಪ್ಪತ್ತೆರಡು ದಿನವಾಯಿತು. ಶೂಟಿಂಗ್ ಇತ್ತು ಎಂದು ನೆಪ ಹೇಳಬಹುದು. ಟು ಬಿ ಫ್ರ್ಯಾಂಕ್, ಅದಲ್ಲ. "ಅಮ್ಮ ಎದೆಯಲ್ಲಿದ್ದ ಆ ಗಂಟನ್ನು ಐದು ತಿಂಗಳು ಯಾಕೆ ಮುಚ್ಚಿಟ್ಟಳು? ಅವಳು ಹೋಗಿ ಎರಡು ವರ್ಷವಾದರೂ ಅವಳ ಮೇಲಿನ ಸಿಟ್ಟು ಇಳಿದಿಲ್ಲ ಅಪ್ಪ" ಎಂದು ಬರೆದಿದ್ದೆಯಲ್ಲ, ಆ ಸಾಲಿನ ಮುಂದೆ ಪೆನ್ನು ಹಿಡಿದು ಕೂರುವುದು, ಏಳುವುದು, ಇದೇ ಆಯಿತು. ಇವತ್ತಂತೂ ಬರೆದೇ ತೀರಬೇಕು. ಆದರೆ ಮೊದಲು ಸುದ್ದಿ ಹೇಳಿಬಿಡುತ್ತೇನೆ, ಕೈ ಅಭ್ಯಾಸವಾಗಲಿ.

ನಿನ್ನ ಬಣ್ಣದ ಮಾಮನಿಗೆ ಗುರುವಾರ ಹೃದಯಾಘಾತವಾಯಿತು. ನಾನೀಗ ಕೂತಿರುವುದು ಅವನ ಕೋಣೆಯ ಹೊರಗಿನ ಬೆಂಚಿನ ಮೇಲೆ. ಬರೆಯುತ್ತಿರುವುದು ಸಂಭಾಷಣೆಯ ಹಾಳೆಗಳ ಬೆನ್ನಿಗೆ. ತಿರುಗಿಸಿ ಓದಬೇಡ, ಆ ಕಡೆ ಬರೀ ಡಾಕ್ಟರನ ಮಾತುಗಳೇ ಇವೆ.

ಮೂವತ್ತೈದು ವರ್ಷ ದುಡಿದು ನಾನು ಆದದ್ದು ಮೂರೇ ಮೂರು ಜನ ನೋಡು. ನಾಲ್ಕು ಚಿತ್ರದಲ್ಲಿ ಹದ್ದುಗಣ್ಣಿನ ಪತ್ತೇದಾರ, ಐದರಲ್ಲಿ ಸೋಡಾಬುಡ್ಡಿ ಮೇಷ್ಟ್ರು, ಆರರಲ್ಲಿ ಡಾಕ್ಟರ್. ನನ್ನ ಸ್ವಂತ ಹೆಸರು ಹಿಡಿದು ಕರೆಯುವವರು ಬ್ಯಾಂಕಿನವರು ಮಾತ್ರ. ನಿನ್ನಮ್ಮ ಬಾಗಿಲು ತೆಗೆಯುವಾಗಲೇ "ಇವತ್ತು ಯಾರು ಬಂದ್ರಿ?" ಎಂದು ಕೇಳುತ್ತಿದ್ದಳು. ಪತ್ತೇದಾರ ಎಂದರೆ ಕಳೆದುಹೋದ ಬೀಗದಕೈ ಹುಡುಕುವ ಕೆಲಸ, ಮೇಷ್ಟ್ರು ಎಂದರೆ ನಿನ್ನ ಬೀಜಗಣಿತ. ಡಾಕ್ಟರನೇ ಎಲ್ಲರಿಗೂ ಮುದ್ದು. ರೋಗಿಯ ಭುಜ ಎರಡು ಸಲ ತಟ್ಟಿ, ಸ್ವಲ್ಪ ಮೂಗಿನಲ್ಲಿ, "ಏನೂ ಇಲ್ಲ, ಮನೆಗೆ ಹೋಗಿ ಬಿಸಿಬಿಸಿ ಊಟ ಮಾಡಿ" ಎಂದುಬಿಟ್ಟರೆ ಥಿಯೇಟರಿಗೆ ಥಿಯೇಟರೇ ಶಿಳ್ಳೆ.

ಗುರುವಾರ ಡಾಕ್ಟರನ ಏಳನೇ ಚಿತ್ರದ ಕೊನೆಯ ದೃಶ್ಯ ಇತ್ತು. ಬಣ್ಣದ ಮಾಮನ ಕ್ರಮ ನಿನಗೆ ಗೊತ್ತು. ಮೀಸೆ ಅಂಟಿಸಿದ ಕ್ಷಣದಿಂದ ಅವನ ಪಾಲಿಗೆ ನಾನು ಇಲ್ಲ. ಅಲ್ಲಿಯವರೆಗೂ "ಲೋ, ಗದ್ದ ಎತ್ತೋ" ಎನ್ನುವವನು ಆಮೇಲೆ "ಡಾಕ್ಟ್ರೇ, ಈ ಕಡೆ ತಿರುಗಿ" ಎನ್ನುತ್ತಾನೆ. ಮೀಸೆ ತೆಗೆಯುವ ತನಕ ನಾನು ಅವನ ಮನೆ ಸಮಾಚಾರ ಕೇಳಿದರೂ ಉತ್ತರವಿಲ್ಲ. ಹಾಗೆ ಮಾಡದಿದ್ದರೆ ಬಣ್ಣ ಮುಖಕ್ಕೆ ಹತ್ತುವುದಿಲ್ಲ ಎನ್ನುವುದು ಅವನ ನಂಬಿಕೆ.

ಮೀಸೆ ಅಂಟಿಸಿದ. ತುದಿ ಒತ್ತುತ್ತಿದ್ದ ಬೆರಳುಗಳು ತಣ್ಣಗಿದ್ದವು. ಕನ್ನಡಿಯಲ್ಲಿ ನೋಡಿದೆ. ಹಣೆ ತುಂಬ ಬೆವರು, ತುಟಿ ಬೂದಿ ಬಣ್ಣ.

"ಏನಾಯ್ತೋ?"

"ಏನಿಲ್ಲ ಡಾಕ್ಟ್ರೇ. ದವಡೆ ಎಳೀತಿದೆ, ಎಡಗೈ ಒಂಥರಾ ಜೋಮು. ಹಲ್ಲುನೋವೇ ಇರ್ಬೇಕು."

"ಏಳು, ಆಸ್ಪತ್ರೆಗೆ ಹೋಗೋಣ."

"ಅಯ್ಯೋ ಶಾಟ್ ರೆಡಿ ಇದೆ! ನೀವೊಂದು ಮಾತು ಹೇಳಿಬಿಡಿ ಡಾಕ್ಟ್ರೇ, ಸರಿಹೋಗುತ್ತೆ." ಭುಜವನ್ನು ನನ್ನ ಕಡೆ ಚಾಚಿದ.

ಸುತ್ತ ನಿಂತವರು ನಕ್ಕರು. "ಹೇಳಿ ಸಾರ್, ಹೇಳಿ!" ಎಂದರು. ನಿರ್ದೇಶಕ ಕ್ಯಾಮೆರಾ ಹಿಂದಿನಿಂದಲೇ, "ಡಾಕ್ಟರಿಗೆ ಮೊದಲನೇ ಪೇಷೆಂಟು ಬಂದ್ನಪ್ಪಾ" ಎಂದ. ಪುಟ್ಟಕ್ಕಾ, ನನ್ನ ಕೈ ತಾನಾಗಿ ಮೇಲೆದ್ದಿತ್ತು. ಅಭ್ಯಾಸ. ಗಂಟಲಲ್ಲಿ ಮಾತೂ ಬಂದು ಕೂತಿತ್ತು. ಅವನ ಕಣ್ಣು ನೋಡಿದೆ. ಹೇಳಿದ್ದರೆ ನಿಜವಾಗಿಯೂ ನಂಬಿ ಬಣ್ಣದ ಪೆಟ್ಟಿಗೆ ಎತ್ತಿಕೊಂಡು ಹೊರಟುಬಿಡುತ್ತಿದ್ದ.

ಮೀಸೆ ಹಿಡಿದು ಎಳೆದೆ. ಗೋಂದು ಇನ್ನೂ ಹಸಿ, ಚರ್ಮ ಸಮೇತ ಬಂತು. "ನೋಡೋ ಇಲ್ಲಿ! ನಾನು ಡಾಕ್ಟರಲ್ಲ ಕಣೋ, ನಾನು. ನಾನು ಹೇಳ್ತಿದೀನಿ, ಏಳು!"

ಬಿದ್ದ ಮೀಸೆಯನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. "ಲೋ, ಭಯ ಆಗ್ತಿದೆ ಕಣೋ" ಎಂದು ಅಲ್ಲೇ ಕುಸಿದ.

ಕಾರಿನಲ್ಲಿ ಅವನ ತಲೆ ನನ್ನ ತೊಡೆಯ ಮೇಲೆ. ದಾರಿಯಲ್ಲಿ ಎರಡು ಸಿಗ್ನಲ್. ಎರಡನೆಯದರಲ್ಲಿ ಪಕ್ಕದ ಸ್ಕೂಟರಿನವನು ಕಿಟಕಿಗೆ ಬಗ್ಗಿ, "ಡಾಕ್ಟ್ರೇ, ಡೈಲಾಗ್!" ಎಂದು ಕೂಗಿದ. ಜೀವಮಾನದಲ್ಲಿ ಮೊದಲ ಸಲ ಅಭಿಮಾನಿಯೊಬ್ಬನಿಗೆ ಕೆಟ್ಟ ಬೈಗುಳ ಬೈದೆ.

ಬಾಗಿಲಲ್ಲೇ ಸ್ಟ್ರೆಚರ್ ಸಿಕ್ಕಿತು, ಒಳಗೆ ಒಯ್ದರು. ನನ್ನ ಮೈಮೇಲೆ ಇನ್ನೂ ಬಿಳಿ ಕೋಟು, ಕೊರಳಲ್ಲಿ ಆ ಸುಳ್ಳು ಸ್ಟೆತಸ್ಕೋಪು. ಹೆಂಗಸೊಬ್ಬಳು ಓಡಿಬಂದು ಗಂಡನ ಎಕ್ಸ್‌ರೇ ಚಾಚಿದಳು.

"ಅಮ್ಮಾ, ನಾನು ಬರೀ ನಟ. ನಿಜವಾದ ಡಾಕ್ಟರು ಒಳಗಿದ್ದಾರೆ" ಎಂದೆ.

"ಗೊತ್ತು ಬಿಡಿ ಸಾರ್. ಆದ್ರೂ ಹೇಳಿ."

ಸುಳ್ಳೆಂದು ಗೊತ್ತಿದ್ದೂ ನಾಟಕವನ್ನು ನಂಬುವುದಕ್ಕೆ ನಮ್ಮ ಇಂಗ್ಲಿಷ್ ಮೇಷ್ಟ್ರು ಒಂದು ಪದ ಹೇಳಿಕೊಟ್ಟಿದ್ದರು. ಸಸ್ಪೆನ್ಶನ್ ಆಫ್ ಬಿಲೀಫೋ, ಡಿಸ್‌ಬಿಲೀಫೋ. ಪರೀಕ್ಷೆಯಲ್ಲಿ ತಪ್ಪು ಬರೆದು ಎರಡು ಅಂಕ ಹೋಗಿತ್ತು. ಆ ಹೆಂಗಸಿನ ಮುಖ ನೋಡಿದಾಗಲೂ ಯಾವುದೆಂದು ತಿಳಿಯಲಿಲ್ಲ. ಕೋಟು ಬಿಚ್ಚಿ ಮಡಚಿ ಬೆಂಚಿನ ಕೆಳಗೆ ತುರುಕಿದೆ.

ನಿನ್ನೆ ನಿರ್ಮಾಪಕ ಇಲ್ಲಿಗೇ ಬಂದಿದ್ದ. "ಸಾರ್, ಸೋಮವಾರ ಒಂದೇ ಶಾಟ್. ಆ ಮಾತೊಂದು ಹೇಳಿದ್ರೆ ಪಿಕ್ಚರ್ ಮುಗೀತು. ಜನ ಬರೋದೇ ಆ ಮಾತಿಗೆ."

"ಅದಕ್ಕೇ ಹೇಳಲ್ಲ" ಎಂದೆ.

"ಯಾರೋ ಮೇಕಪ್‌ನೋರಿಗೆ ಹುಷಾರಿಲ್ಲ ಅಂತ ನೀವು ಹಿಂಗೆ..."

"ಯಾರೋ ಅಲ್ಲ ಅವನು. ನಡೀರಿ."

ಕೋರ್ಟು ಗೀರ್ಟು ಎಂದು ಗೊಣಗುತ್ತ ಹೋದ. ಪೇಪರಿನಲ್ಲಿ ನನಗೆ ತಲೆ ಕೆಟ್ಟಿದೆ ಎಂದು ಬಂದರೆ ಗಾಬರಿಯಾಗಬೇಡ. ಡಾಕ್ಟರನ ವೇಷ ಇನ್ನು ಹಾಕುವುದಿಲ್ಲ, ಅಷ್ಟೇ.

ಈಗಷ್ಟೇ ಒಳಗಿನಿಂದ ನಿಜವಾದ ಡಾಕ್ಟರು ಬಂದರು. ನಿನ್ನ ವಯಸ್ಸಿನವರು. "ಇನ್ನೂ ಏನೂ ಹೇಳೋಕಾಗಲ್ಲ. ಸಂಜೆ ತನಕ ಕಾಯ್ಬೇಕು" ಎಂದರು. ಭುಜ ತಟ್ಟಲಿಲ್ಲ. ಹೇಳಲಾಗುವುದಿಲ್ಲ ಎಂದು ಹೇಳುವುದಕ್ಕೂ ಎಷ್ಟು ಓದಿರಬೇಕು ಎನಿಸಿತು.

ಸಂಜೆಯ ತನಕ ಹೊತ್ತಿದೆ. ಆದರೂ ಇಲ್ಲಿಗೆ ಮುಗಿಸುತ್ತೇನೆ. ನೀನು ಚೆನ್ನಾಗಿರಬೇಕು, ನಿನ್ನ ಮನೆ ನಗುನಗುತ್ತಿರಬೇಕು. ಅಳಿಯಂದಿರಿಗೆ ನನ್ನ ಆಶೀರ್ವಾದ ಹೇಳು.

ಯುವರ್ಸ್ ಒಬೀಡಿಯೆಂಟ್ಲಿ (ತಪ್ಪಿರಬಹುದು, ಇರಲಿ),
ನಿನ್ನ ಅಪ್ಪ

ಮರೆತ ಮಾತು: ಮರೆತದ್ದಲ್ಲ. ಸಹಿ ಹಾಕಿದ ಮೇಲಾದರೂ ಕೈ ಬರುತ್ತದೇನೋ ಎಂದು ಕಾದೆ.

ಅಮ್ಮ ಮುಚ್ಚಿಡಲಿಲ್ಲ. ಗಂಟು ಕೈಗೆ ಸಿಕ್ಕ ಬೆಳಿಗ್ಗೆಯೇ ನನಗೆ ತೋರಿಸಿದಳು. ಡಾಕ್ಟರನ ಆರನೇ ಚಿತ್ರದ ಶೂಟಿಂಗಿಗೆ ಹೊರಟು ನಿಂತಿದ್ದೆ. ಹೆದರಿದ್ದಳು, ನಗಿಸೋಣ ಎಂದು ಭುಜ ಎರಡು ಸಲ ತಟ್ಟಿ, ಡಾಕ್ಟರನ ಗಂಟಲಲ್ಲಿ ಆ "ಏನೂ ಇಲ್ಲ" ಹೇಳಿಬಿಟ್ಟೆ. ನಕ್ಕಳು. ಮತ್ತೆ ಆ ವಿಷಯ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಕೊನೆಗೆ ಆಸ್ಪತ್ರೆಯಲ್ಲಿ ನೀನು "ಯಾರಿಗೂ ಯಾಕಮ್ಮ ಹೇಳ್ಲಿಲ್ಲ?" ಎಂದು ರೇಗಿದಾಗ ನಾನು ಮಂಚದ ಈ ಪಕ್ಕ ನಿಂತಿದ್ದೆ. ಅವಳು ನನ್ನ ಕಡೆ ತಿರುಗಲೇ ಇಲ್ಲ. "ಭಯ ಆಯ್ತು ಕಣೇ, ಮುಚ್ಚಿಟ್ಟೆ" ಎಂದಳು. ನಾನು ಬಾಯಿ ಬಿಡಲಿಲ್ಲ.

ಆಮೇಲೆ ಅವಳಿಗೆ ಉಳಿದಿದ್ದದ್ದು ಒಂಬತ್ತು ದಿನ. ಅದರಲ್ಲಿ ಮೂರು ದಿನ ನೀನು ಅವಳೊಂದಿಗೆ ಮಾತು ಬಿಟ್ಟಿದ್ದೆ. ಆ ಮೂರು ದಿನವನ್ನು ನಿಮ್ಮಿಬ್ಬರಿಂದ ಕಸಿದುಕೊಂಡವನು ನಾನು.