ಹೆಡ್ವಿಕಾಳ ಬಟ್ಟಲು

ನವೆಂಬರ್ ೯, ರಾತ್ರಿ

ಹೆಡ್ವಿಕಾಳನ್ನು ಬಾಗಿಲಲ್ಲೇ ತಡೆಯಬಾರದಿತ್ತು.

ಬಿಯರಿಗೆಂದು ಕುದಿಸಿದ ಮಾಲ್ಟಿನ ರಸವನ್ನು ಒಲೆಯಿಂದ ಇಳಿಸಿ ತಣ್ಣೀರಿನ ತೊಟ್ಟಿಯಲ್ಲಿಟ್ಟಿದ್ದೆ. ಬಿಯರಿಗೆ ಕಹಿ ಘಮ ಕೊಡುವ, ಜಾಟೆಟ್ಸ್ ಊರಿನ ಹಾಪ್ ಹೂ ಕೊನೆಯದೊಂದು ಹಿಡಿ ಹಾಕೋಣವೆಂದು ಉಸಿರು ಬಿಗಿಹಿಡಿದು ಮುಚ್ಚಳ ತೆಗೆದಿದ್ದೆ. ಆಗಲೇ ಪಕ್ಕದ ಮನೆಯಿಂದ ಅವಳು ಬಂದಳು. ಪೀಪಾಯಿಯಿಂದ ಆಗಷ್ಟೇ ತೆಗೆದ, ಉಪ್ಪಿನಲ್ಲಿ ಹುಳಿ ಬರಿಸಿದ ಎಲೆಕೋಸು ಬಟ್ಟಲಲ್ಲಿತ್ತು, ಅದರ ನೀರು ಮೊಣಕೈವರೆಗೂ ಇಳಿಯುತ್ತಿತ್ತು.

"ಅಲ್ಲೇ ನಿಲ್ಲು. ನಿನ್ನ ಕೋಸಿನ ಹುಳಿ ಸೋಕಿದ್ರೆ ಇದಿಷ್ಟೂ ಕೆಟ್ಟುಹೋಗುತ್ತೆ" ಅಂದೆ.

"ನಾನೇನು ರೋಗ ಹೊತ್ಕೊಂಡು ಬಂದಿದೀನಾ, ವೆಂದೆಲಿನ್? ಇರ್ಲಿ ಬಿಡು, ನಿನ್ನ ಬಿಯರ್ ಜೊತೆನೇ ಮಾತಾಡ್ಕೊಂಡಿರು." ಬಟ್ಟಲನ್ನು ಮೆಟ್ಟಿಲ ಮೇಲಿಟ್ಟು ಹೋದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ. ಅದೇ ಚುಚ್ಚುತ್ತಿದೆ.

ಈ ವಾರವೆಲ್ಲ ನನ್ನ ಮನೆಗೆ ಬಂದವಳು ಅವಳೊಬ್ಬಳೇ.

ರಸ ತಣಿದು, ಯೀಸ್ಟ್ ಬೆರೆಸಿ, ಭದ್ರವಾಗಿ ಮುಚ್ಚುವ ತನಕ ಕೋಸನ್ನು ಒಳಗೆ ತರಲಿಲ್ಲ. ಆಮೇಲೂ ಯಾಕೋ ಚಳಿಯಲ್ಲಿ ಮೆಟ್ಟಿಲ ಮೇಲೇ ಕೂತು ತಿಂದೆ. ಶಾಜೀರಿಗೆ ಹಾಕಿದ್ದಾಳೆ. ಅವಳಿಗೆ ಅದು ಸೇರುವುದೇ ಇಲ್ಲ, ನನಗಿಷ್ಟ.

ಬಟ್ಟಲು ತೊಳೆದಿಟ್ಟಿದ್ದೇನೆ. ಬರಿ ಬಟ್ಟಲು ಹಿಂದಿರುಗಿಸುವುದು ಹೇಗೆ? ಕೊಡಲು ನನ್ನಲ್ಲಿರುವುದು ಈ ಬಿಯರ್ ಒಂದೇ, ಅದು ಕುಡಿಯುವಂತಾಗಲು ಇನ್ನೂ ತಿಂಗಳು ಬೇಕು. ಅಲ್ಲಿಯವರೆಗೆ ಅವಳ ಕದ ತಟ್ಟಬೇಕೆಂದರೆ ಕೈಯಲ್ಲಿ ಈ ಬರಿ ಬಟ್ಟಲು, ಬಾಯಲ್ಲಿ ತಪ್ಪಾಯಿತೆಂಬ ಒಂದು ಮಾತು, ಅಷ್ಟೇ.