ನೋಡೋಣ ಅಂದರೆ

ಮಾರ್ಚ್ 3, ಸೋಮವಾರ

ಇವತ್ತೂ ಅದೇ ಅರ, ಅದೇ ಹಿತ್ತಾಳೆ ಪುಡಿ, ತಣ್ಣಗಾದ ಟೀ. ಸ್ಯಾಂಪಲ್ ರೂಮಿನ ಫ್ಯಾನು ಮತ್ತೆ ಕಿರುಗುಟ್ಟುತ್ತಿದೆ. ಬೀಗ ಮಾಡುವ ಕಂಪನಿ, ಎಣ್ಣೆಗೇನೂ ಬರವಿಲ್ಲ. ಆದರೂ ಫ್ಯಾನಿಗೆ ಒಂದು ತೊಟ್ಟು ಬಿಡುವವರಿಲ್ಲ. ಹೊಸ ಬೀಗ ಮೊದಲು ಹುಟ್ಟುವುದು ನನ್ನ ಈ ರೂಮಿನಲ್ಲಿ. ಹುಟ್ಟುವುದು ಅನ್ನುವುದೇ ಜಾಸ್ತಿಯಾಯಿತು... ವರ್ಷಗಳಿಂದ ಹಳೆ ಬೀಗಕ್ಕೇ ಹೊಸ ಬಣ್ಣ.

ಸುದ್ದಿ ಏನೆಂದರೆ, ಕಂಪನಿ ಮಾಲೀಕರು, ನಮ್ಮ ‘ದೊಡ್ಡವರು’, ಕುರ್ಚಿ ಬಿಟ್ಟರು. ಮಗಳು ಬಂದು ಕೂತಿದ್ದಾರೆ. ಆಗಲೇ ಎಲ್ಲರ ಬಾಯಲ್ಲೂ ‘ಚಿಕ್ಕ ಮೇಡಂ’. ಬಂದವರೇ ಕಾರಿಡಾರಿನ ಸಲಹಾ ಪೆಟ್ಟಿಗೆ ತೆಗೆಯಿರಿ ಅಂದರು. ಅದರ ಬೀಗದ ಕೈ ಎಲ್ಲಿ? ಯಾರಿಗೂ ಗೊತ್ತಿಲ್ಲ. ಬೀಗದ ಕಂಪನಿ! ಕೊನೆಗೆ ನಾನೇ ಸುತ್ತಿಗೆ ತಂದು ಒಡೆದೆ. ಒಳಗೆ ಚಾಕೊಲೇಟ್ ಕಾಗದ, ಒಂದು ಸತ್ತ ಜಿರಳೆ. ಮೇಡಂ ಮುಖ ನೋಡಲಾಗಲಿಲ್ಲ.

"ಇಷ್ಟು ವರ್ಷದಲ್ಲಿ ಒಬ್ರಿಗೂ ಏನೂ ಹೊಳೀಲೇ ಇಲ್ವಾ?"

ಹೊಳೆದಿತ್ತು ಮೇಡಂ. ಹೇಳಲಿಲ್ಲ. ನಮ್ಮಲ್ಲಿ ಮೊದಲು ಬೀಗ ಬೀಳುವುದೇ ಬಾಯಿಗೆ.

ಗುರುವಾರ ಮೀಟಿಂಗ್. ಹೊಸದೇನಿದ್ದರೂ ತರಬೇಕಂತೆ. ನನ್ನ ಹತ್ತಿರ ಒಂದಿದೆ. ಸದ್ಯ ನಮ್ಮ ಮನೆ ಬಾಗಿಲಲ್ಲೇ ಇದೆ.

ಮಾರ್ಚ್ 5, ಬುಧವಾರ

ಸಂಜೆ ಬಾಗಿಲಿಂದ ಬೀಗ ಬಿಚ್ಚಿದೆ. ಅಮ್ಮ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು.

ಅಮ್ಮನ ಕೈ ನಡುಗುತ್ತದೆ. ಲೋಟ ಹಿಡಿಯಬಲ್ಲಳು, ಬೀಗದ ಕೈಯನ್ನು ತೂತಿಗೆ ಸೇರಿಸಲಾರಳು. ಹೋದ ವರ್ಷ ಕೆಳಗೆ ಹೋಗಿ ಬಂದವಳು ಬಾಗಿಲು ತೆಗೆಯಲಾಗದೆ ಮಧ್ಯಾಹ್ನವೆಲ್ಲ ಹೊರಗೇ ಕೂತಿದ್ದಳು. ಆಮೇಲೆ ಹೊಸ್ತಿಲು ದಾಟಲಿಲ್ಲ. ‘ಜೈಲಲ್ಲಿರೋರಿಗಾದ್ರೂ ನೋಡೋಕೆ ಯಾರಾದ್ರೂ ಬರ್ತಾರೆ ಕಣೇ’ ಎಂದು ನಗುತ್ತಲೇ ಹೇಳುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ಅದಕ್ಕೇ ಈ ಬೀಗ. ತೂತಿನ ಸುತ್ತ ಆಲಿಕೆಯಂಥ ಹಿತ್ತಾಳೆ ಬಾಯಿ. ಕೈ ಎಷ್ಟೇ ನಡುಗಲಿ, ಬೀಗದ ಕೈ ಇಳಿಜಾರಿನಲ್ಲಿ ಜಾರಿ ನಡುವಿಗೇ ಬರಬೇಕು, ತಾನೇ ನೆಟ್ಟಗಾಗಿ ಒಳಗೆ ಹೋಗಬೇಕು. ಊಟದ ಬಿಡುವಿನಲ್ಲಿ ಉಜ್ಜಿ ಉಜ್ಜಿ ಮಾಡಿದ್ದು. ಹಾಕಿದ ಮೇಲೆ ಅಮ್ಮ ಒಬ್ಬಳೇ ಬೀದಿ ತುದಿಯ ಅಂಗಡಿಗೆ ಹೋಗಿ ಬರುತ್ತಿದ್ದಾಳೆ.

"ಮತ್ತೆ ತರ್ತೀಯ ತಾನೇ?"

"ನಾಳೆ ಸಂಜೇನೇ ತರ್ತೀನಮ್ಮ."

ಮಾರ್ಚ್ 6, ಗುರುವಾರ

ಮುಗಿಯಿತು.

ತೋರಿಸಿದೆ. ಕಣ್ಣು ಮುಚ್ಚಿಕೊಂಡು ತೆಗೆದೂ ತೋರಿಸಿದೆ. ಚಿಕ್ಕ ಮೇಡಂ ಕೈಗೆ ತೆಗೆದುಕೊಂಡರು, ಬೆರಳಾಡಿಸಿದರು, ಇನ್ನೇನು ಒಳ್ಳೆ ಮಾತು ಬರುತ್ತದೆ ಅಂದುಕೊಂಡೆ. ಅಂದರು — "ನೋಡೋಣ."

ಮ್ಯಾನೇಜರು ಪೆನ್ನಿನ ಕ್ಯಾಪು ಮುಚ್ಚಿದರು. ಎಲ್ಲರೂ ಮೇಜು ನೋಡತೊಡಗಿದರು. ಈ ಕಂಪನಿಯಲ್ಲಿ ‘ನೋಡೋಣ’ ಅಂದರೆ ಏನೆಂದು ಗೇಟಿನ ನಾಯಿಗೂ ಗೊತ್ತು. ದೊಡ್ಡವರು ಯಾರಿಗೂ ‘ಬೇಡ’ ಎಂದವರಲ್ಲ. ದೊಡ್ಡ ಮನಸ್ಸು. ‘ನೋಡೋಣ’ ಅನ್ನುತ್ತಿದ್ದರು. ಅವತ್ತೇ ಸಂಜೆ ಆ ಸ್ಯಾಂಪಲ್ಲು ಕುಲುಮೆಗೆ. ಹಿತ್ತಾಳೆ ಯಾಕೆ ವೇಸ್ಟು ಅಂತ. ಅಪ್ಪನ ಬಾಯೇ ಮಗಳಿಗೂ ಬಂದಿದೆ.

ನಾಲ್ಕು ಗಂಟೆಗೆ ಕುಲುಮೆ ಮೇಸ್ತ್ರಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಅಕ್ಕಾ, ನೋಡೋಣ ಬಂತಂತೆ?"

ಹಿತ್ತಾಳೆ ಕಂಪನಿಯದು, ಅಮ್ಮನಿಗೆ ಬೇಕು ಎನ್ನುವ ಧೈರ್ಯವಾಗಲಿಲ್ಲ. ನಾನೇ ತಟ್ಟೆಗೆ ಹಾಕಿದೆ. ನನ್ನ ಕೈಯಾರೆ.

ಮಾರ್ಚ್ 8, ಶನಿವಾರ

ಅಮ್ಮನಿಗೆ ರಿಪೇರಿಯಲ್ಲಿದೆ ಅಂದಿದ್ದೇನೆ. ‘ಪರವಾಗಿಲ್ಲ ಬಿಡು’ ಅಂದಳು. ಅಂಗಡಿಯ ಕೈಚೀಲ ಮಡಚಿ ಬೀರುವಿನಲ್ಲಿಟ್ಟಳು. ಅಣ್ಣನಿಗೆ ಫೋನಿನಲ್ಲಿ ಹೇಳಿದರೆ, ‘ಒಳ್ಳೇದೇ ಆಯ್ತು, ಈ ವಯಸ್ಸಲ್ಲಿ ಒಬ್ಳೇ ಓಡಾಡೋದ್ಯಾಕೆ, ಬಿದ್ದುಗಿದ್ದು ಹೋದ್ರೆ?’ ದೂರದಿಂದ ಕಾಳಜಿ ಮಾಡುವುದು ಎಷ್ಟು ಸುಲಭ.

ಮಾರ್ಚ್ 10, ಸೋಮವಾರ

ತಲೆ ಇನ್ನೂ ಗಿರ್ರೆನ್ನುತ್ತಿದೆ. ಬರೆದರೆ ಸಮಾಧಾನ ಆದೀತೋ ಏನೋ.

ಬೆಳಿಗ್ಗೆ ಚಿಕ್ಕ ಮೇಡಂ ಸ್ಯಾಂಪಲ್ ರೂಮಿಗೆ ಬಂದರು. ಕೈಯಲ್ಲೊಂದು ಸ್ಟೂಲು. ನನ್ನ ಟೇಬಲಿನೆದುರು ಹಾಕಿಕೊಂಡು ಕೂತರು. ಹಿಂದೆಯೇ ಮ್ಯಾನೇಜರು.

"ಎಲ್ರೀ ಅದು? ತೋರ್ಸಿ."

"ಯಾವ್ದು ಮೇಡಂ?"

"ನಿಮ್ಮ ಬೀಗ! ಅವತ್ತು ನೋಡೋಣ ಅಂದಿದ್ನಲ್ಲ. ನೋಡೋಕೆ ಬಂದಿದೀನಿ."

ನೋಡೋಣ ಅಂದವರು ನೋಡಲು ಬಂದಿದ್ದಾರೆ. ಈ ಕಟ್ಟಡದಲ್ಲಿ ಹೀಗೆ ಯಾವತ್ತೂ ಆಗಿಲ್ಲ.

"ಕರಗಿಸ್ಬಿಟ್ವಿ ಮೇಡಂ."

"ಏನು ಕರಗಿಸಿದ್ರಿ?"

"ಬೀಗಾನ... ನೀವು ನೋಡೋಣ ಅಂದ್ರಲ್ಲ, ಅದಕ್ಕೆ."

ಅವರು ನನ್ನನ್ನು ನೋಡಿದರು, ಮ್ಯಾನೇಜರನ್ನು ನೋಡಿದರು. ನಮಗೆ ಬುದ್ಧಿ ನೆಟ್ಟಗಿದೆಯೋ ಇಲ್ಲವೋ ಎಂಬ ನೋಟ. ಮ್ಯಾನೇಜರು ಗಂಟಲು ಸರಿ ಮಾಡಿಕೊಂಡರು. "ಮೇಡಂ, ಇಲ್ಲಿ ನೋಡೋಣ ಅಂದ್ರೆ ಒಂಥರಾ... ಬೇಡ ಅಂತ."

"ಬೇಡ ಅನ್ನೋಕೆ ಬೇಡ ಅಂತಿದ್ದೆ ಕಣ್ರೀ, ನನ್ನ ನಾಲಿಗೆಗೇನಾಗಿದೆ?" ಕೂಗಿಯೇಬಿಟ್ಟರು. ಆಮೇಲೆ ಇದ್ದಕ್ಕಿದ್ದಂತೆ ಮೆತ್ತಗಾದರು. "ಸೈಕಲ್ ಕೊಡ್ಸಿ ಅಂದಾಗ ಅಪ್ಪ ನಂಗೂ ನೋಡೋಣ ಅಂದಿದ್ರು. ನಾನು ದಿನಾ ಗೇಟಲ್ಲಿ ನಿಂತು ಕಾಯ್ತಿದ್ದೆ."

ಡ್ರಾಯಿಂಗ್ ಇದೆಯಾ ಎಂದು ಕೇಳಿದರು. ಇಲ್ಲ. ಕೈಗೆ ಬಂದ ಹಾಗೆ ಉಜ್ಜಿದ್ದು. "ಇನ್ನೊಂದು ಮಾಡಿ" ಎಂದು ಸ್ಟೂಲನ್ನು ಅಲ್ಲೇ ಬಿಟ್ಟು ಹೋದರು.

ನನ್ನ ಮೇಲೇ ನನಗೆ ರೋಷ. ಒಂದು ಮಾತು ಕೇಳಬಾರದಿತ್ತೇ, ‘ಯಾವಾಗ ನೋಡ್ತೀರಿ?’ ಎಂದು?

ಮಾರ್ಚ್ 13, ಗುರುವಾರ

ಹೊಸ ಕಾನೂನುಗಳು. ಒಂದು — ‘ನೋಡೋಣ’ ಅನ್ನುವಂತಿಲ್ಲ. ಬೇಕು ಅನ್ನಿ, ಬೇಡ ಅನ್ನಿ, ಇಲ್ಲವೇ ಯಾವತ್ತು ನೋಡುತ್ತೀರಿ ಹೇಳಿ. ಇನ್ನು ಮುಂದೆ ಯಾವ ಸ್ಯಾಂಪಲ್ಲೂ ಕುಲುಮೆಗೆ ಹೋಗುವಂತಿಲ್ಲ, ಕೆಟ್ಟದ್ದಾದರೂ ಶೆಲ್ಫಿನಲ್ಲಿ ಕೂರಬೇಕು. ಗುರುವಾರ ಮಧ್ಯಾಹ್ನ ಯಾರು ಬೇಕಾದರೂ ನನ್ನ ರೂಮಿಗೆ ಬಂದು ಏನು ಬೇಕಾದರೂ ಮಾಡಿ ನೋಡಬಹುದು. ಮ್ಯಾನೇಜರನ್ನು ಕೇಳಬೇಕಾಗಿಲ್ಲ.

"ಕೋತಿ ಕೈಗೆ ಮಾಣಿಕ್ಯ ಕೊಟ್ಟ ಹಾಗಾಯ್ತು" ಎಂದರು ಮ್ಯಾನೇಜರು. ನನ್ನ ಅರಗಳ ಗತಿ ನೆನೆದು ನನಗೂ ಹಾಗೇ ಅನ್ನಿಸಿತು.

ಇವತ್ತು ಯಾರೂ ಬರಲಿಲ್ಲ. ಮೇಡಂ ಒಬ್ಬರೇ ಬಂದು ಆ ಸ್ಟೂಲಿನ ಮೇಲೆ ಕೂತು ಒಂದು ಬೀಗದ ಕೈ ಉಜ್ಜಿದರು. ಸೊಟ್ಟ ಆಯಿತು. ಬೆರಳು ಬೇರೆ ಕುಯ್ದುಕೊಂಡರು. ಆ ಸೊಟ್ಟ ಬೀಗದ ಕೈಗೆ ತಮ್ಮ ಹೆಸರು ಬರೆದು ಶೆಲ್ಫಿನ ನಟ್ಟನಡುವೆ ಇಟ್ಟರು. "ಮೊದಲ್ನೇ ಸೋಲು ನಂದೇ ಇರ್ಲಿ." ಬಾಯಿ ತೆರೆದುಕೊಂಡು ನೋಡುತ್ತಿದ್ದೆ. ಮಾಲೀಕರ ಸೋಲನ್ನು ಕಣ್ಣಾರೆ ಕಂಡದ್ದು ಇದೇ ಮೊದಲು.

ಮಾರ್ಚ್ 28, ಶುಕ್ರವಾರ

ನನ್ನ ರೂಮು ಈಗ ಸಂತೆ. ಕಟ್ಟೆ ಒಡೆದಿದೆ. ಹಾಡು ಹೇಳುವ ಬೀಗ, ಕತ್ತಲಲ್ಲಿ ಹೊಳೆಯುವ ಬೀಗ. ಲೆಕ್ಕದ ಸೆಕ್ಷನ್ನಿನವರು ಬೀಗದ ಕೈಗೆ ಅಯಸ್ಕಾಂತ ಅಂಟಿಸಿದರು, ಎಲ್ಲಿಟ್ಟರೂ ಕಳೆಯಬಾರದು ಅಂತ. ಜೇಬಿನಲ್ಲಿಟ್ಟು ಸಂಜೆ ತೆಗೆದರೆ ಕ್ಲಿಪ್ಪು, ಗುಂಡುಸೂಜಿ ಎಲ್ಲ ಮೆತ್ತಿಕೊಂಡು ಮುಳ್ಳುಹಂದಿಯಾಗಿತ್ತು. ಕ್ಯಾಂಟೀನಿನಲ್ಲಿ ಟೀ ಇದೆಯಾ ಅಂದರೆ ‘ನೋಡೋ—’ ಎಂದು ನಾಲಿಗೆ ಕಚ್ಚಿಕೊಳ್ಳುತ್ತಾರೆ.

ನನ್ನದು ಮಾತ್ರ ಆಗುತ್ತಿಲ್ಲ. ಬೀಗದ ಕೈ ನಡುವಿಗೆ ಬರುತ್ತದೆ, ಆದರೆ ಅಡ್ಡ ನಿಲ್ಲುತ್ತದೆ. ಮೊದಲಿನದರಲ್ಲಿ ತಾನೇ ನೆಟ್ಟಗಾಗುತ್ತಿತ್ತು. ಯಾವ ಗೀರು, ಯಾವ ಕೋನ... ಮರೆತೇ ಹೋಗಿದೆ.

ಏಪ್ರಿಲ್ 17, ಗುರುವಾರ

ಮತ್ತೊಂದು ಕೆಟ್ಟಿತು. ಇದು ಬೀಗದ ಕೈಯನ್ನು ನುಂಗಿ ವಾಪಸ್ಸೇ ಕೊಡಲಿಲ್ಲ. "ಬೀಗರು ಮುನಿಸ್ಕೊಂಡ್ರೆ ಕಾಲು ಹಿಡೀಬಹುದು, ಬೀಗ ಮುನಿಸ್ಕೊಂಡ್ರೆ ಏನು ಹಿಡಿಯೋದು?" ಎಂದರು ಲೆಕ್ಕದವರು. ಅತ್ತುಬಿಡುವ ಹಾಗಿದ್ದೆ, ನಕ್ಕೆ.

ಬೈಸಿಕೊಳ್ಳಲು ಸಿದ್ಧಳಾಗಿಯೇ ಮೇಡಂ ಹತ್ತಿರ ಹೋದೆ. ಬೈಯಲಿಲ್ಲ. "ಇದ್ರಿಂದ ಏನು ಗೊತ್ತಾಯ್ತು?" ಅಂದರು. ಇಷ್ಟು ವರ್ಷದ ನೌಕರಿಯಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ.

ಅಮ್ಮ ಈಗ ಕೇಳುವುದನ್ನೂ ಬಿಟ್ಟಿದ್ದಾಳೆ. ಕಿಟಕಿಗೆ ಕುರ್ಚಿ ಹಾಕಿಕೊಂಡು ಬೀದಿ ನೋಡುತ್ತಾಳೆ. ಭಯವಾಗುತ್ತದೆ.

ಮೇ 6, ಮಂಗಳವಾರ

ಅಯಸ್ಕಾಂತ!

ಶೆಲ್ಫು ಒರೆಸುತ್ತಿದ್ದೆ. ಲೆಕ್ಕದವರ ಮುಳ್ಳುಹಂದಿ ಕೈಯಿಂದ ಜಾರಿತು. ಹಿಡಿಯುವಷ್ಟರಲ್ಲಿ ಪಕ್ಕದಲ್ಲಿದ್ದ ನನ್ನ ಸ್ಟೀಲಿನ ಬೀಗದ ಕೈ ಟಪ್ಪೆಂದು ತಿರುಗಿ ನೆಟ್ಟಗೆ ಅದಕ್ಕೆ ಅಂಟಿಕೊಂಡಿತು. ತಾನೇ ತಿರುಗಿತು! ಬೀಗದ ಬಾಯೊಳಗೇ ಅಯಸ್ಕಾಂತ ಕೂರಿಸಿದರೆ?

ಕೂರಿಸಿದೆ. ಬೀಗದ ಕೈ ನೆಟ್ಟಗೆ ಒಳಗೆ ಹೋಯಿತು. ಮತ್ತೆ ಹಾಕಿದೆ, ಮತ್ತೆ ಹೋಯಿತು. ಲೆಕ್ಕದವರನ್ನು ಕೂಗಿದೆ. ಬಂದರು, ನೋಡಿದರು, "ನಂದಾ? ನಂದು ಕೆಟ್ಟುಹೋಗಿತ್ತಲ್ರೀ" ಎಂದು ನಿಂತಲ್ಲೇ ಕಣ್ಣು ಒರೆಸಿಕೊಂಡರು. ಹಳೆ ಪದ್ಧತಿಯೇ ಇದ್ದಿದ್ದರೆ ಮಾರ್ಚಿನಲ್ಲೇ ಕುಲುಮೆಗೆ ಹೋಗುತ್ತಿದ್ದ ವಸ್ತು.

ಮೇ 19, ಸೋಮವಾರ

ಮನೆ ಬಾಗಿಲಿಗೆ ಹಾಕಿದೆ. ಅಮ್ಮನ ಕೈಗೆ ಬೀಗದ ಕೈ ಕೊಟ್ಟೆ. ಮುಂಚಿಗಿಂತ ಜಾಸ್ತಿ ನಡುಗುತ್ತಿದೆ ಆ ಕೈ. ಸೇರಿಸಿದಳು. ಟಕ್ ಎಂದಿತು. ಮತ್ತೆ ಹಾಕಿದಳು, ಮತ್ತೆ ತೆಗೆದಳು. ಊಟಕ್ಕೆ ಕರೆದರೂ ಬರಲಿಲ್ಲ.

ಶುಕ್ರವಾರ ಮೇಡಂ ನಿರ್ಧಾರ. ಇದನ್ನು ಮಾರ್ಕೆಟ್ಟಿಗೆ ಬಿಡುವುದೋ, ಶೆಲ್ಫಿಗೋ. "ಅಮ್ಮ ಏನಂತಾರೆ ಕೇಳ್ಕೊಂಡು ಬನ್ನಿ" ಎಂದಿದ್ದಾರೆ.

ಮೇ 22, ಗುರುವಾರ, ಸಂಜೆ ಆರೂವರೆ

ನಮ್ಮ ಮನೆ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಸೊಟ್ಟ ಬರುತ್ತಿದೆ.

ಬಾಗಿಲಿಗೆ ಬೀಗ. ಹೊರಗಿನಿಂದ. ಇರುವುದು ಒಂದೇ ಬೀಗದ ಕೈ, ಇನ್ನೊಂದು ಮಾಡಿಲ್ಲ. ಅದು ಅಮ್ಮನ ಹತ್ತಿರ. ಬಡಿದೆ, ಕೂಗಿದೆ. ಫೋನ್ ಮಾಡಿದರೆ ಮನೆಯೊಳಗೇ ರಿಂಗಾಗುತ್ತಿದೆ. ಅಂಗಡಿಯವನು ಬಂದಿಲ್ಲ ಅಂದ. ಕೆಳಗಿನ ಮನೆಯವರು, "ಮಧ್ಯಾಹ್ನವೇ ಹೋದ್ರಲ್ಲಮ್ಮ, ಚೀಲ ಹಿಡ್ಕೊಂಡು. ಎಲ್ಲಿಗೆ ಅಂದ್ರೆ, ಗೊತ್ತಿಲ್ಲ ಅಂತ ನಕ್ರು" ಎಂದರು. ಗೊತ್ತಿಲ್ಲ! ಅಣ್ಣ ಫೋನಿನಲ್ಲೇ ಕಿರುಚಿದ — "ಎಲ್ಲಾ ನಿನ್ನ ಬೀಗದಿಂದ!"

ಹೌದು. ನನ್ನ ಬೀಗದಿಂದಲೇ.

ಅಷ್ಟರಲ್ಲಿ ಮೇಡಂ ಫೋನು. "ಕೇಳಿದ್ರಾ? ಅಮ್ಮ ಏನಂದ್ರು?"

"ಅಮ್ಮ ಇಲ್ಲ ಮೇಡಂ. ಬೀಗ ಹಾಕ್ಕೊಂಡು ಎಲ್ಲೋ ಹೋಗ್ಬಿಟ್ಟಿದಾಳೆ. ಒಬ್ಳೇ. ನನ್ನನ್ನೇ ಹೊರಗೆ ಬಿಟ್ಟು."

ಮೇಡಂ ಮೆಲ್ಲಗೆ, "ಇನ್ನೇನ್ರೀ ಹೇಳ್ಬೇಕು ಅವರು?"

ಸಿಟ್ಟು ಬಂತು. ಫೋನಿಟ್ಟೆ. ಈಗ ಅಳು ಬರುತ್ತಿದೆ, ನಗುವೂ. ಹೆದರಿಕೆಗೋ ಸಂತೋಷಕ್ಕೋ ತಿಳಿಯುತ್ತಿಲ್ಲ. ಇನ್ನು ಹತ್ತು ನಿಮಿಷ ನೋಡಿ ಹುಡುಕಲು ಹೊರಡಬೇಕು. ಬಲಗಡೆಯ ಬೀದಿ ಮೊದಲು, ಆಮೇಲೆ ಬಸ್‌ಸ್ಟಾಪು, ಆಮೇಲೆ —

ಕೆಳಗೆ ಯಾರೋ ಹತ್ತುತ್ತಿದ್ದಾರೆ. ನಿಧಾನ. ಕೆಳಗಿನ ಮನೆಯವರಿಗೆ ಜೋರಾಗಿ ಏನೋ ಹೇಳುತ್ತಾ, "ಬಸ್ಸಲ್ಲಿ ಕಿಟಕಿ ಸೀಟೇ ಸಿಕ್ತು ಕಣ್ರೀ, ಕೊನೇ ಸ್ಟಾಪ್‌ವರೆಗೂ ಸುಮ್ನೆ ಹೋಗಿ ಬಂದೆ!" ಅಮ್ಮನ ದನಿ.