ಕೆಲಸ ಸಿಕ್ಕ ತಿಂಗಳೇ ನಿಂತುಹೋದ ಅಕ್ಕಿ

ಪಡಿತರ ಚೀಟಿ ರದ್ದು ಮಾಡುವ ಅಧಿಕಾರವುಳ್ಳ ಮಾನ್ಯರೇ,

ಜೂನ್ ತಿಂಗಳಲ್ಲಿ ನನಗೆ ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಕೆಲಸ ಸಿಕ್ಕಿತು. ಅದೇ ತಿಂಗಳು ನೀವು ನಮ್ಮ ಮನೆಯ ಅಕ್ಕಿ ನಿಲ್ಲಿಸಿದಿರಿ. ನನ್ನ ಮೊದಲ ಸಂಬಳ ಕೈಗೆ ಬಂದದ್ದು ಆಗಸ್ಟ್ ಏಳಕ್ಕೆ. ಅಲ್ಲಿಯವರೆಗೆ ನಾವು ಏನು ತಿನ್ನಬೇಕಿತ್ತು? ಇದನ್ನು ಕೇಳಲು ನಿಮ್ಮ ಕಚೇರಿಗೆ ನಾಲ್ಕು ಸಲ ಬಂದೆ, ನಾಲ್ಕು ದಿನದ ಹಾಜರಿ ಕಳೆದುಕೊಂಡೆ. ಕಿಟಕಿಯ ಮುಂದೆ ನಿಂತರೆ ನನಗೆ ಮಾತು ಹೊರಡುವುದಿಲ್ಲ. ಅಷ್ಟರಲ್ಲಿ ಹಿಂದಿನವರು ತಳ್ಳಿಕೊಂಡು ಮುಂದೆ ಹೋಗುತ್ತಾರೆ. ನಾನು ಕಲಿತದ್ದು ಐದನೇ ಕ್ಲಾಸಿನವರೆಗೆ. ಆದರೂ ಬರೆಯಲು ಬರುತ್ತದೆ. ಅದಕ್ಕೆ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ನಾವು ಲಗ್ಗೆರೆಯ ಒಂದು ವಠಾರದಲ್ಲಿದ್ದೇವೆ. ಲೇತ್ ಕೆಲಸ ಮಾಡುತ್ತಿದ್ದ ಅಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತು. ಈಗ ಮನೆಯಲ್ಲಿ ಅಮ್ಮ ರಾಮಮ್ಮ, ಏಳನೇ ಕ್ಲಾಸಿನ ತಂಗಿ ಶಾಂತಿ, ನಾನು. ಅಮ್ಮ ಮನೆಯಲ್ಲೇ ಊದುಬತ್ತಿ ಹೊಸೆಯುತ್ತಾಳೆ. ಅದು ಬಾಡಿಗೆಗೇ ಸಾಲದು. ಸೊಸೈಟಿಯ ಅಕ್ಕಿ, ಮನಿಯಾರ್ಡರಿನಲ್ಲಿ ಬರುವ ವಿಧವಾ ವೇತನ, ಇವೆರಡರಲ್ಲಿ ಒಲೆ ಉರಿಯುತ್ತಿತ್ತು.

ನಾನು ಕೆಲಸಕ್ಕೆ ಸೇರಿದ ವಾರ ಪೋಸ್ಟ್‌ಮ್ಯಾನ್ ಮಲಕಪ್ಪ ಎಂದಿನಂತೆ ಮನಿಯಾರ್ಡರು ತಂದ. ಅಮ್ಮ ಹೆಬ್ಬೆಟ್ಟು ಒತ್ತಲಿಲ್ಲ.

“ಬೇಡ ಕಣಪ್ಪ, ಮಗಳಿಗೆ ಕೆಲ್ಸ ಸಿಕ್ತು. ಇನ್ಯಾರಾದ್ರೂ ಗಂಡ ಇಲ್ದೋಳ್ಗೆ ಕೊಡ್ಲಿ.”

ಮಲಕಪ್ಪ ಬಿಜಾಪುರದ ಕಡೆಯವನು. “ಏ ಯವ್ವಾ, ತಲಿ ಕೆಟ್ಟದೇನ? ಇಸ್ಕೊಂಡು ಸುಮ್ನಿರು. ಬ್ಯಾಡಂದ್ರ ನಾ ವಾಪಸ್ ಕಳಸ್ಬೇಕಾಗ್ತದ.”

“ಕಳ್ಸು. ನಾಳೆ ಸರ್ಕಾರದೋರು ಬಂದು, ಮಗಳು ದುಡೀತಿದ್ರೂ ಈಸ್ಕೊಂಡ್ಯಲ್ಲ ಅಂದ್ರೆ ಮುಖ ಎಲ್ಲಿಡ್ಲಿ?”

“ಸರ್ಕಾರದವ್ರು ನಿನ್ನ ಮುಖ ನೋಡಾಕ ಬರ್ತಾರೇನ್ ಬೇ?” ಎಂದು ನಗುತ್ತಾ ಅವನು ಫಾರಂ ಮೇಲೆ ‘ಪಡೆಯಲು ನಿರಾಕರಿಸಿದ್ದಾರೆ’ ಎಂದು ಬರೆದುಕೊಂಡು ಹೋದ. ಅಮ್ಮ ಆ ಸಂಜೆ ವಠಾರಕ್ಕೆಲ್ಲ ಸಕ್ಕರೆ ಹಂಚಿದಳು.

ಆಮೇಲೆ ನಡೆದದ್ದಕ್ಕೆ ನಿಮ್ಮನ್ನು ಹೊಗಳಲೇಬೇಕು. ಅಪ್ಪ ಸತ್ತ ಮೇಲೆ ಆ ವೇತನ ಮಂಜೂರಾಗಲು ಎರಡು ವರ್ಷ ಹಿಡಿಯಿತು. ಅದು ಬೇಡವೆಂದ ಸುದ್ದಿ ತಲುಪಿ ಪಡಿತರ ಚೀಟಿ ರದ್ದಾಗಲು ಮೂರು ವಾರವೂ ಹಿಡಿಯಲಿಲ್ಲ. ಸರ್ಕಾರದ ಕೈ ಇಷ್ಟು ಚುರುಕು ಎಂದು ನಮಗೆ ಗೊತ್ತಿರಲಿಲ್ಲ. ತಿಂಗಳ ಕೊನೆಗೆ ಚೀಲ ಹಿಡಿದು ಹೋದ ಅಮ್ಮನಿಗೆ ಸೊಸೈಟಿಯವನು, “ನಿಮ್ ಕಾರ್ಡ್ ಸತ್ತೋಗಿದೆ ಕಣಕ್ಕ,” ಎಂದು ಖಾಲಿ ಚೀಲದಲ್ಲೇ ವಾಪಸ್ ಕಳಿಸಿದ.

ಮೂರನೇ ಸಲ ನಿಮ್ಮ ಕಚೇರಿಗೆ ಬಂದಾಗ ಹೇಗೋ ಧ್ವನಿ ಹೊರಟಿತು. ನಿಮ್ಮ ಗುಮಾಸ್ತರು ಕಡತ ತೆರೆದು, “ನೀವೇ ಬೇಡ ಅಂದಿದೀರಲ್ಲಮ್ಮ. ಬೇಡ ಅನ್ನೋರು ಬಡವ್ರು ಹೆಂಗಾಗ್ತಾರೆ?” ಎಂದರು.

“ಬೇಡ ಅಂದಿದ್ದು ದುಡ್ಡು ಸಾರ್. ಅಕ್ಕಿ ಅಲ್ಲ.”

“ಎರಡೂ ಒಂದೇ. ಕೆಲ್ಸ ಇದೆ, ಪಿ.ಎಫ್. ನಂಬರ್ ಇದೆ, ಇನ್ನೇನಮ್ಮ ನಿಂಗೆ? ಹೊಸಾ ಅರ್ಜಿ ಹಾಕು, ಪರಿಶೀಲನೆಗೆ ಬರ್ತಾರೆ.”

ಪಿ.ಎಫ್. ನಂಬರನ್ನು ಬೇಯಿಸಿ ಬಡಿಸುವುದು ಹೇಗೆಂದು ಅವರು ಹೇಳಲಿಲ್ಲ. ಕೆಲಸ ಸಿಗುವುದಕ್ಕೂ ಸಂಬಳ ಸಿಗುವುದಕ್ಕೂ ನಡುವೆ ದಿನಗಳಿರುತ್ತವೆ, ಮಾನ್ಯರೇ. ಜೂನಿನ ಸಂಬಳ ಜುಲೈ ಏಳಕ್ಕೆ ಬರಬೇಕಿತ್ತು. ಬ್ಯಾಂಕ್ ಖಾತೆ ಆಗಿಲ್ಲವೆಂದು ಕಂಪನಿಯವರು ಇನ್ನೊಂದು ತಿಂಗಳು ತಳ್ಳಿದರು. ಆ ದಿನಗಳು ನಿಮ್ಮ ಯಾವ ಫಾರಂನಲ್ಲೂ ಇಲ್ಲ. ನಮ್ಮ ಅಮ್ಮನ ಮೈಯಲ್ಲಿವೆ.

ಮೊದಲು ಅವಳು ಸೋಮವಾರ ಒಪ್ಪೊತ್ತು ಎಂದಳು, ಶಿವನಿಗೆ. ಆಮೇಲೆ ಮಂಗಳವಾರ ಮಾರಮ್ಮನಿಗೆ, ಶನಿವಾರ ತಿಮ್ಮಪ್ಪನಿಗೆ. ಜುಲೈ ಮುಗಿಯುವ ಹೊತ್ತಿಗೆ ದೇವರಿಲ್ಲದ ವಾರವೇ ಉಳಿಯಲಿಲ್ಲ. ಶಾಂತಿಗೆ ಶಾಲೆಯಲ್ಲಿ ಮಧ್ಯಾಹ್ನದ ಊಟ ಸಿಗುತ್ತಿತ್ತು. ಭಾನುವಾರ ಅದೂ ಇಲ್ಲ. ನಾನು ಊಟದ ಬಿಡುವಿನಲ್ಲಿ ನೀರು ಕುಡಿದು ಮಷೀನಿನ ಹತ್ತಿರವೇ ಕೂತಿರುತ್ತಿದ್ದೆ. ಸೂಪರ್‌ವೈಸರ್, “ಏನಮ್ಮಾ, ಮೊದಲ್ನೇ ಸಂಬಳಕ್ ಮುಂಚೇನೇ ಡಯಟ್ಟಾ?” ಎಂದು ತಮಾಷೆ ಮಾಡಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಜುಲೈ ಕೊನೆಯ ವಾರ ಅಮ್ಮ ನೀರಿನ ಟ್ಯಾಂಕರಿನ ಸಾಲಿನಲ್ಲಿ ಕುಸಿದು ಬಿದ್ದಳು. ಮೈಯಲ್ಲಿ ರಕ್ತವೇ ಇಲ್ಲ, ಹೊಟ್ಟೆ ತುಂಬಾ ಊಟ ಕೊಡಿ ಎಂದರು ಡಾಕ್ಟರು. ಎಷ್ಟು ಒಳ್ಳೆಯ ಔಷಧ! ನಿಮ್ಮ ಗೋದಾಮಿನಲ್ಲೇ ಇತ್ತು. ಈಗಲೂ ಅವಳ ಕೈ ನಡುಗುತ್ತದೆ. ಊದುಬತ್ತಿ ಹೊಸೆದರೆ ಸೊಟ್ಟಗಾಗುತ್ತದೆ, ಮೇಸ್ತ್ರಿ ತೆಗೆದುಕೊಳ್ಳುವುದಿಲ್ಲ. ಹೊಸ ಅರ್ಜಿ ಹಾಕಿ ಎರಡು ತಿಂಗಳಾಯಿತು. ಪರಿಶೀಲನೆಗೆ ಇನ್ನೂ ಯಾರೂ ಬಂದಿಲ್ಲ.

ಇಷ್ಟೇ ಆಗಿದ್ದರೆ ನಮ್ಮ ಹಣೆಬರಹ ಎಂದು ಸುಮ್ಮನಾಗುತ್ತಿದ್ದೆನೇನೋ. ಆದರೆ ನಮ್ಮ ವಠಾರದಲ್ಲಿ ಬಸಕ್ಕ ಇದ್ದಾಳೆ. ಅವಳ ಗಂಡ ಕಟ್ಟಡದ ಮೇಲಿಂದ ಬಿದ್ದು ಸತ್ತವನು. ಅವಳಿಗೂ ಅದೇ ವೇತನ, ಅದೇ ಅಕ್ಕಿ, ಇಬ್ಬರು ಚಿಕ್ಕ ಮಕ್ಕಳು. ನಮ್ಮ ಕಂಪನಿಯಲ್ಲಿ ಹೆಲ್ಪರ್ ಕೆಲಸ ಖಾಲಿ ಇದೆಯೆಂದು ಅವಳಿಗೆ ಹೇಳಿದವಳು ನಾನೇ. ನಿನ್ನೆ ಬಂದು ಅಮ್ಮನ ಪಕ್ಕ ಕೂತು, “ಹೋಗ್ಲೋ ಬ್ಯಾಡೋ, ನೀನ ಹೇಳವ್ವ,” ಎಂದಳು.

ಸಕ್ಕರೆ ಹಂಚಿದ ನನ್ನ ಅಮ್ಮ ಹೇಳಿದ್ದು: “ಹೋಗ್ಬೇಡ ಕಣೆ. ಹೋಗ್ಲೇಬೇಕು ಅಂದ್ರೆ ಯಾರ್‌ಗೂ ಬಾಯ್ ಬಿಡ್ಬೇಡ. ಪೋಸ್ಟಣ್ಣ ಬಂದ್ರೆ ಕಣ್ಣಲ್ ನೀರ್ ಹಾಕ್ಕೊಂಡ್ ಹೆಬ್ಬೆಟ್ಟೊತ್ತು.”

ನಲವತ್ತೈದು ವರ್ಷ ಸುಳ್ಳು ಹೇಳದ ಹೆಂಗಸಿಗೆ ಮೂರೇ ತಿಂಗಳಲ್ಲಿ ಇದನ್ನು ಕಲಿಸಿದಿರಿ. ದುಡಿಯಲು ಹೊರಟವರ ಮನೆಯ ಅಕ್ಕಿ ಕಿತ್ತುಕೊಂಡರೆ ಯಾರು ದುಡಿಯಲು ಹೋಗುತ್ತಾರೆ? ಹೋದರೂ ಯಾರು ನಿಜ ಹೇಳುತ್ತಾರೆ?

ನಾನು ಕೇಳುವುದು ದೊಡ್ಡದೇನಲ್ಲ. ಕೆಲಸ ಸಿಕ್ಕಿತೆಂದು ವಿಧವಾ ವೇತನ ಬಿಟ್ಟ ಮನೆಗೆ ಆರು ತಿಂಗಳು ಅಕ್ಕಿ ಮುಂದುವರಿಸಿ. ಕಾಲೂರಿ ನಿಂತ ಮೇಲೆ ಬಂದು ಪರಿಶೀಲಿಸಿ. ಬೇಡವಾಗಿದ್ದರೆ ನಾವೇ ಚೀಟಿ ತಂದು ನಿಮ್ಮ ಮೇಜಿನ ಮೇಲಿಡುತ್ತೇವೆ. ಅಮ್ಮನ ಹೆಸರಿನ ಚೀಟಿಯನ್ನು ಈ ವಾರವೇ ಮರಳಿ ಕೊಡಿ. ಮತ್ತು ಸೋಮವಾರ ಬೆಳಿಗ್ಗೆ ಎಂಟೂವರೆಗೆ ಬಸಕ್ಕ ಕಂಪನಿಯ ಗೇಟಿಗೆ ಬರಬೇಕು, ಬರದಿದ್ದರೆ ಆ ಕೆಲಸ ಇನ್ನೊಬ್ಬರಿಗೆ. ಅವಳ ಮಕ್ಕಳ ತಟ್ಟೆ ನೋಡಿದರೆ ‘ಬಾ’ ಎನ್ನಲು ನನಗೆ ಧೈರ್ಯವಿಲ್ಲ, ‘ಬೇಡ’ ಎನ್ನಲು ಮನಸ್ಸಿಲ್ಲ. ಅವಳು ಬರಬೇಕೋ ಬೇಡವೋ, ಅಷ್ಟರೊಳಗೆ ನೀವೇ ಹೇಳಿಕಳಿಸಿ.

ಇಂತಿ,
ನಿಮ್ಮ ಕಡತದಲ್ಲಿ ಮಾತ್ರ ಬಡತನ ಕಳೆದುಕೊಂಡಿರುವ
ರಾಮಮ್ಮನ ದೊಡ್ಡ ಮಗಳು,
ಲಗ್ಗೆರೆ